ಅದೇ ಹಳೇ ಡೋಸ್ ಈಗ ಜಾಸ್ತಿ ಆಗಿರಬಹುದು

ನಿಮ್ಮ ಅಮ್ಮನಿಗೆ ಥೈರಾಯ್ಡ್ ಮಾತ್ರೆಯ ಡೋಸ್ ಜಾಸ್ತಿ ಆಗಿರುವ ಹಾಗಿದೆ. 15 ವರ್ಷದಿಂದ ಅದೇ 100 ಮೈಕ್ರೋಗ್ರಾಂ, ಈಗ 72ರಲ್ಲಿ ಎದೆ ಡವಡವ, ನಿದ್ದೆ ಇಲ್ಲ, ಟಿಎಸ್‌ಎಚ್ 0.1 ಅಂದಿದ್ದೀರಿ. ಇದು ಥೈರಾಯ್ಡ್ ಗ್ರಂಥಿಗೆ ಕೆಲಸ ಮಾಡು ಅಂತ ಹೇಳುವ ಹಾರ್ಮೋನು, ರಕ್ತಪರೀಕ್ಷೆಯಲ್ಲಿ ನೋಡುತ್ತಾರೆ; ಮಾತ್ರೆ ಜಾಸ್ತಿಯಾದರೆ ಇದು ಇಳಿಯುತ್ತದೆ. ವಯಸ್ಸಾದಂತೆ ದೇಹ ಮಾತ್ರೆಯಲ್ಲಿರುವ ಥೈರಾಯ್ಡ್ ಹಾರ್ಮೋನನ್ನು ನಿಧಾನವಾಗಿ ಖರ್ಚು ಮಾಡುತ್ತದೆ, ಮೈಯೂ ಇಳಿದಿರುತ್ತದೆ. ನಮ್ಮ ಅತ್ತೆಗೂ ಹೀಗೇ ಆಗಿತ್ತು. ನಾವು ಸುಮ್ನೆ ವಯಸ್ಸಿನ ಗಾಬರಿ ಅಂದುಕೊಂಡಿದ್ದೆವು!

ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಈ ವಾರವೇ ಡಾಕ್ಟರಿಗೆ ರಿಪೋರ್ಟ್ ತೋರಿಸಿ, ಇಸಿಜಿ ಮಾಡಿಸಿ. ಡವಡವಕ್ಕೆ ಇದೊಂದೇ ಕಾರಣ ಅಂತ ಇಲ್ಲಿಂದ ಹೇಳೋಕಾಗಲ್ಲ. ಆದರೆ ಟಿಎಸ್‌ಎಚ್ ಇಷ್ಟು ಕಡಿಮೆಯೇ ಉಳಿದರೆ ಹೃದಯದ ಬಡಿತ ತಾಳ ತಪ್ಪಬಹುದು, ಮೂಳೆಯೂ ಸವೆಯುತ್ತದೆ. ಕೂದಲಿಗೆಂದು ಬಯೋಟಿನ್ ಎಂಬ ವಿಟಮಿನ್ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ. ಅದರಿಂದ ಟಿಎಸ್‌ಎಚ್ ಸುಳ್ಳೇ ಕಡಿಮೆ ತೋರಿಸಬಹುದು, ಟೆಸ್ಟಿಗೆ ಎರಡು ದಿನ ಮೊದಲೇ ಬಿಡಬೇಕು.

ಡೋಸನ್ನು ಸಾಮಾನ್ಯವಾಗಿ 12.5 ಇಲ್ಲವೇ 25 ಮೈಕ್ರೋಗ್ರಾಂನಷ್ಟು ಇಳಿಸುತ್ತಾರೆ. ಆಮೇಲೆ 6ರಿಂದ 8 ವಾರ ಬಿಟ್ಟು ಮತ್ತೆ ಟೆಸ್ಟ್, ಅದಕ್ಕೂ ಮುಂಚೆ ಮಾಡಿಸಿದರೆ ಸರಿಯಾದ ಅಂಕಿ ಸಿಗಲ್ಲ. ಈ ವಯಸ್ಸಿನಲ್ಲಿ ಟಿಎಸ್‌ಎಚ್ 4-5 ಬಂದರೂ ಎಷ್ಟೋ ಡಾಕ್ಟರುಗಳು ಒಪ್ಪುತ್ತಾರೆ, ಗಾಬರಿಯಾಗಬೇಡಿ. ಎದೆನೋವು, ಉಸಿರುಕಟ್ಟುವುದು, ತಲೆಸುತ್ತಿ ಬೀಳುವುದು ಕಂಡರೆ ಮಾತ್ರ ಕಾಯದೆ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.