ಟೆಸ್ಟ್ ಪಾಸಾದ ಹಳೇ ಸ್ಪೋರ್ಟ್ಸ್ ಕಾರು: ಕಾಗದ ನಂಬಬಹುದಾ?

ಗಾಡಿ ಪಟ್ಟಾಂಗ – ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನನ್ನ ಅಕ್ಕನ ಮಗ ಇಂಗ್ಲೆಂಡಿನಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿ 1970ರ ಎಂಜಿಬಿ ಅಂತ ಒಂದು ಓಪನ್ ಸ್ಪೋರ್ಟ್ಸ್ ಕಾರು ನೋಡಿ ಮರುಳಾಗಿದ್ದಾನೆ. ಹೋದ ತಿಂಗಳಷ್ಟೇ ಎಂಒಟಿ ಟೆಸ್ಟ್ ಪಾಸಾಗಿದೆ, ಒಂದು ದೋಷವನ್ನೂ ಬರೆದಿಲ್ಲ ಅಂತ ಮಾರುವವನು ಕಾಗದ ತೋರಿಸಿದನಂತೆ. ನನಗೆ ಗೊತ್ತಿರುವುದು ತೋಟದ ಜೀಪು ಮಾತ್ರ. ಆ ಕಾಗದ ನಂಬಬಹುದಾ?
– ಬದಿಯಡ್ಕದ ಓದುಗರು

ಉತ್ತರ: ನಂಬಬಹುದು, ಅದು ಹೇಳಿದಷ್ಟನ್ನು ಮಾತ್ರ. ಎಂಒಟಿ ಅಂದರೆ ಗಾಡಿ ರಸ್ತೆಗೆ ಲಾಯಕ್ಕಾ ಅಂತ ನೋಡುವ ಅಲ್ಲಿನ ಟೆಸ್ಟ್, ನಮ್ಮಲ್ಲಿಯ ಪಾಸಿಂಗ್ ಇದ್ದ ಹಾಗೆ. 1960ರಲ್ಲಿ ಶುರುವಾದಾಗ ಹತ್ತು ವರ್ಷ ದಾಟಿದ ಗಾಡಿಗಳ ಬ್ರೇಕು, ಲೈಟು, ಸ್ಟಿಯರಿಂಗ್ ನೋಡುತ್ತಿದ್ದರು. ಈಗ ಟಯರು, ಸಸ್ಪೆನ್ಷನ್, ಸೀಟ್ ಬೆಲ್ಟ್, ತುಕ್ಕು ಎಲ್ಲ ಸೇರಿದೆ. ಆದರೆ ಇಂಜಿನ್, ಕ್ಲಚ್, ಗೇರ್‌ಬಾಕ್ಸ್ ಹೇಗಿದೆ ಅನ್ನುವುದು ಆ ಟೆಸ್ಟಿನಲ್ಲಿ ಇಲ್ಲವೇ ಇಲ್ಲ. ಹೊಗೆಯೂ ಅಷ್ಟೇ, 1975 ಆಗಸ್ಟಿಗಿಂತ ಮೊದಲಿನ ಕಾರಾದರೆ ಕಣ್ಣಲ್ಲೇ ನೋಡಿ ಬಿಡುತ್ತಾರೆ, ಮೆಷಿನ್ ಇಡುವುದಿಲ್ಲ. ಇನ್ನೊಂದು ವಿಷಯ, ಟೆಸ್ಟ್ ಮಾಡುವವನು ಏನನ್ನೂ ಬಿಚ್ಚಿ ನೋಡುವಂತಿಲ್ಲ.

ಎಂಜಿಬಿಯ ವಿಷಯದಲ್ಲಿ ಈ ಬಿಚ್ಚದಿರುವುದೇ ದೊಡ್ಡ ತೊಂದರೆ. ನಿಮ್ಮ ಜೀಪಿಗೆ ಅಡಿಯಲ್ಲಿ ಚಾಸಿ ಬೇರೆ ಇದೆ, ಬಾಡಿ ತೂತು ಬಿದ್ದರೂ ಚಾಸಿ ಹೊತ್ತುಕೊಂಡು ಹೋಗುತ್ತದೆ, ಅಲ್ವಾ? ಎಂಜಿಬಿಗೆ ಹಾಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಅದರ ಬೆನ್ನೆಲುಬು. ಅದರಲ್ಲೂ ಓಪನ್ ಕಾರು, ಮಾಡಿನ ಬಲವೂ ಇಲ್ಲ. ಹಾಗಾಗಿ ಬಾಗಿಲಿನ ಕೆಳಗೆ ಉದ್ದಕ್ಕೆ ಹೋಗುವ ಪೆಟ್ಟಿಗೆಯಂಥ ಭಾಗ ಇದೆಯಲ್ಲ, ಸಿಲ್ ಅಂತಾರೆ, ಅದೇ ಇಡೀ ಕಾರನ್ನು ಬಗ್ಗದಂತೆ ಹಿಡಿದಿರುವುದು. ಅದರೊಳಗೆ ತಗಡಿನ ಪದರಗಳಿವೆ. ಅಲ್ಲಿ ಚಳಿಗಾಲದಲ್ಲಿ ಹಿಮ ಕರಗಲಿ ಅಂತ ರಸ್ತೆಗೆ ಉಪ್ಪು ಹಾಕುತ್ತಾರೆ. ಕಡಲ ಬದಿಯ ಉಪ್ಪು ಗಾಳಿಗೆ ಗೇಟು ಹೇಗೆ ತಿಂದುಹೋಗುತ್ತದೆ ಅಂತ ನಮಗೆ ಹೇಳಿಕೊಡಬೇಕಾ? ತುಕ್ಕು ಒಳಗಿಂದ ಶುರುವಾಗಿ ಹೊರಗೆ ಕಾಣುವಷ್ಟರಲ್ಲಿ ಒಳಗಿನ ಪದರ ಮುಗಿದಿರುತ್ತದೆ. ಮೇಲೆ ಪುಟ್ಟಿ ಮೆತ್ತಿ, ಅಡಿಗೆ ದಪ್ಪಗೆ ಟಾರು ಬಳಿದುಬಿಟ್ಟರೆ ಟೆಸ್ಟ್ ಮಾಡುವವನು ತಟ್ಟಿ ನೋಡಬಹುದು, ಕೊಯ್ದು ನೋಡುವಂತಿಲ್ಲ. ಅವನು ಸುಳ್ಳು ಬರೆದದ್ದಲ್ಲ, ಅವನಿಗೆ ಕಂಡದ್ದೇ ಅಷ್ಟು.

ಅಕ್ಕನ ಮಗನಿಗೆ ಹೇಳಿ, ಪಾಸಾದ ಕಾಗದ ಪಕ್ಕಕ್ಕಿಟ್ಟು ಫೇಲಾದ ಕಾಗದ ಓದಲಿ. ಅಲ್ಲಿ ಸರ್ಕಾರದ ವೆಬ್‌ಸೈಟಿನಲ್ಲಿ ಗಾಡಿ ನಂಬರ್ ಹಾಕಿದರೆ 2005ರಿಂದೀಚಿನ ಟೆಸ್ಟ್‌ಗಳೆಲ್ಲ ಬಿಟ್ಟಿಯಾಗಿ ಸಿಗುತ್ತವೆ. ಯಾವ ವರ್ಷ ಏನಕ್ಕೆ ಫೇಲಾಯ್ತು, ಎಷ್ಟು ಮೈಲಿ ಓಡಿತ್ತು, ಮುಂದೆ ಜಾಗ್ರತೆ ಅಂತ ಏನು ಬರೆದಿದ್ದರು, ಎಲ್ಲ ಇರುತ್ತದೆ. ಒಂದು ವರ್ಷ ಸಿಲ್ ತುಕ್ಕು ಅಂತ ಫೇಲಾಗಿ ಎರಡೇ ದಿನದಲ್ಲಿ ಪಾಸಾಗಿದ್ದರೆ ವೆಲ್ಡಿಂಗ್ ಮಾಡಿದ ಬಿಲ್ಲು, ಫೋಟೋ ಕೇಳಬೇಕು. ಇಲ್ಲ ಅಂದರೆ ತೇಪೆ ಹಾಕಿದ್ದಾರೆ ಅಂತಲೇ ತಿಳಿಯಿರಿ. ಕೊನೆಗೆ ಕಾರಿನ ಬದಿಗೆ ಜಾಕ್ ಕೊಟ್ಟು ಎತ್ತಿಸಿ ಬಾಗಿಲು ತೆರೆದು ಮುಚ್ಚಲಿ. ಬಾಗಿಲು ಸಿಕ್ಕಿಹಾಕಿಕೊಂಡರೆ ಬಾಡಿ ಬಗ್ಗುತ್ತಿದೆ ಅಂತ ಅರ್ಥ, ಚಂದದ ಪೇಂಟಿಗೆ ನಮಸ್ಕಾರ ಹೇಳಿ ಹೊರಡುವುದೇ. ಮಾರುವವನು ಎತ್ತಲು ಬಿಡದಿದ್ದರೂ ಹೊರಡುವುದೇ.

ಪ್ರಶ್ನೆ: ಇಂಗ್ಲೆಂಡಿನಲ್ಲಿ 40 ವರ್ಷ ದಾಟಿದ ಕಾರಿಗೆ ಎಂಒಟಿ ಟೆಸ್ಟೇ ಬೇಡ ಅಂತ ಗಲ್ಫಿನಲ್ಲಿರುವ ಸ್ನೇಹಿತ ಹೇಳಿದ. ಹೌದಾ? ನಮ್ಮಲ್ಲಿ ಹಳತಾದಷ್ಟೂ ಬಿಗಿ.
– ಉಪ್ಪಳದ ಓದುಗರು

ಉತ್ತರ: ಹೌದು. 2018ರ ಮೇ 20ರಿಂದ, ದೊಡ್ಡ ಬದಲಾವಣೆ ಮಾಡದೆ ಇದ್ದ ಹಾಗೇ ಉಳಿಸಿಕೊಂಡ ಕಾರಿಗೆ ಕಡ್ಡಾಯ ಅಲ್ಲ. ಇಂಥ ಗಾಡಿಗಳು ಕಡಿಮೆ, ಓಡುವುದೂ ಕಡಿಮೆ, ಇಟ್ಟುಕೊಂಡವರು ಮಕ್ಕಳ ಹಾಗೆ ನೋಡಿಕೊಳ್ಳುತ್ತಾರೆ ಅನ್ನುವ ಲೆಕ್ಕ. ಗಾಡಿ ಸರಿ ಇಲ್ಲದೆ ರಸ್ತೆಗೆ ತಂದರೆ ತಪ್ಪು ಮಾಲೀಕನದೇ. ಮೇಲಿನ ಪ್ರಶ್ನೆಗೂ ಇದು ಸೇರುತ್ತದೆ: ಬೇಡದ ಟೆಸ್ಟನ್ನು ಹೋದ ತಿಂಗಳು ತಾನಾಗಿ ಮಾಡಿಸಿದವನು ಒಂದೋ ತುಂಬಾ ಜಾಗ್ರತೆಯ ಮನುಷ್ಯ, ಇಲ್ಲ ಗಿರಾಕಿಗೆ ತೋರಿಸಲಿಕ್ಕೆಂದೇ ಮಾಡಿಸಿದವ. ಹಿಂದಿನ ವರ್ಷಗಳಲ್ಲೂ ಮಾಡಿಸಿದ್ದನಾ ಅಂತ ನೋಡಿದರೆ ಯಾವ ತರದವನು ಅಂತ ಗೊತ್ತಾಗುತ್ತದೆ.

ಪ್ರಶ್ನೆ: ಅಜ್ಜನ ಕಾಲದ 1967ರ ಸ್ಟ್ಯಾಂಡರ್ಡ್ ಹೆರಾಲ್ಡ್ ಅಡಿಕೆ ಶೆಡ್ಡಿನಲ್ಲಿದೆ. ಇಂಜಿನ್ ಸ್ಟಾರ್ಟ್ ಆಗುತ್ತದೆ. ಆರ್‌ಸಿ ಮುಗಿದು ಎಷ್ಟೋ ವರ್ಷ ಆಯ್ತು. ಗಾಡಿ ತರುವುದೇ ಬೇಡ, ಪಾಸಿಂಗ್ ನಾನು ಮಾಡಿಸಿ ಕೊಡ್ತೇನೆ ಅಂತಾನೆ ಏಜೆಂಟ್. ಕೊಡಲಾ?
– ಮುಳ್ಳೇರಿಯದ ಓದುಗರು

ಉತ್ತರ: ದಮ್ಮಯ್ಯ, ಬೇಡ. ನನ್ನದೇ ಕಥೆ ಕೇಳಿ. ಹಿಂದೆ ನನ್ನಲ್ಲೊಂದು ಫಿಯೆಟ್ ಇತ್ತು. ಮೈದಾನದಲ್ಲಿ ಬ್ರೇಕ್ ಇನ್ಸ್‌ಪೆಕ್ಟರ್ ನಿಧಾನಕ್ಕೆ ಓಡಿಸಿ ಒಮ್ಮೆ ಬ್ರೇಕ್ ಒತ್ತಿ ಅಂದರು, ನಿಂತಿತು, ಪಾಸು. ಒಂದು ವಾರ ಕಳೆದು ಇಳಿಜಾರಿನಲ್ಲಿ ಪೆಡಲ್ ನೆಲಕ್ಕೆ ಹೋಯಿತು. ವೀಲ್ ಸಿಲಿಂಡರಿನ ಹಳೇ ರಬ್ಬರ್ ಕಪ್ ಹೋಗಿ ಎಣ್ಣೆ ಪೂರಾ ಖಾಲಿ, ನಾಲ್ಕೂ ಚಕ್ರಕ್ಕೆ ಒಂದೇ ಲೈನ್. ಹ್ಯಾಂಡ್ ಬ್ರೇಕ್ ಎಳೆದು ರಸ್ತೆ ಬದಿಯ ಮಣ್ಣಿನ ದಿಬ್ಬಕ್ಕೆ ಉಜ್ಜಿಸಿ ನಿಲ್ಲಿಸಿದೆ. ಗಾಡಿ ತೋರಿಸಿಯೇ ಈ ಕಥೆ, ಇನ್ನು ತೋರಿಸದೆ ಮಾಡಿದರೆ?

ನಿಮ್ಮ ಹೆರಾಲ್ಡ್ ಮದ್ರಾಸಿನಲ್ಲಿ ತಯಾರಾದದ್ದು. ಗೊತ್ತಾ, ಅದು ಸ್ಪೋರ್ಟ್ಸ್ ಕಾರಿನ ದಾಯಾದಿ! ಹೆರಾಲ್ಡಿನ ಚಾಸಿಯನ್ನೇ ಗಿಡ್ಡ ಮಾಡಿ 1962ರಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಮಾಡಿದ್ದು. ಎರಡಕ್ಕೂ ಒಂದೇ ಕಾಯಿಲೆ. ಮುಂದಿನ ಚಕ್ರ ತಿರುಗುವ ಕಡೆ ಅಡಿಯಲ್ಲಿ ಟ್ರನಿಯನ್ ಅಂತ ಒಂದು ಥ್ರೆಡ್ ಇರುವ ತುಂಡು ಇದೆ. ಅದಕ್ಕೆ ಹಾಕಬೇಕಾದ್ದು ಗೇರ್ ಆಯಿಲ್. ನಮ್ಮ ಗ್ಯಾರೇಜಿನವರು ನಿಪ್ಪಲ್ ಕಂಡ ಕೂಡಲೇ ಗ್ರೀಸ್ ಹೊಡೆಯುತ್ತಾರೆ. ಒಳಗೆ ನೀರು ನಿಂತು ತುಕ್ಕು ಹಿಡಿದು ಒಂದು ದಿನ ಮುರಿದರೆ ಚಕ್ರ ಮಡಚಿಕೊಳ್ಳುತ್ತದೆ. ಇದನ್ನು ಕಳಚಿಯೇ ನೋಡಬೇಕು. ಜೊತೆಗೆ ಬ್ರೇಕಿನ ರಬ್ಬರ್, ಹೋಸ್ ಎಲ್ಲ ಹೊಸತು ಹಾಕಿ, ಟಯರು ಸವೆಯದೆ ಇದ್ದರೂ ಬದಲಾಯಿಸಿ.

ಕಾಗದಕ್ಕೆ ಎರಡು ದಾರಿ. ಮಾಮೂಲು ರಿನ್ಯೂವಲ್, 5 ವರ್ಷಕ್ಕೊಮ್ಮೆ, ಗಾಡಿ ತೋರಿಸಬೇಕು. ಇಲ್ಲವಾದರೆ 50 ವರ್ಷ ದಾಟಿದ್ದರಿಂದ 2021ರ ನಿಯಮದಂತೆ ವಿಂಟೇಜ್ ಅಂತ ಮಾಡಿಸಬಹುದು. ಹೊಸ ರಿಜಿಸ್ಟ್ರೇಷನ್ನಿಗೆ 20,000 ರೂಪಾಯಿ, 10 ವರ್ಷ ಬಾಳಿಕೆ. ಆದರೆ ಆಮೇಲೆ ದಿನಾ ಪೇಟೆಗೆ ಒಯ್ಯುವಂತಿಲ್ಲ, ರ‍್ಯಾಲಿ, ಪ್ರದರ್ಶನ, ಪೆಟ್ರೋಲು, ರಿಪೇರಿ ಇಷ್ಟಕ್ಕೇ. ಭಾನುವಾರ ಅಜ್ಜಿಯನ್ನು ಕೂರಿಸಿಕೊಂಡು ಮಧೂರಿಗೆ ಹೋಗಬೇಕು ಅಂತಿದ್ದರೆ ಮೊದಲನೆಯದೇ ಸರಿ. ಹಳೇ ಆರ್‌ಸಿ ಪುಸ್ತಕ ಹುಡುಕಿ ಇಡಿ, ಕಾಸರಗೋಡು ಜಿಲ್ಲೆ ಆದದ್ದೇ 1984ರಲ್ಲಿ, ಅಲ್ಲಿವರೆಗೆ ಕಣ್ಣೂರು ಜಿಲ್ಲೆ, ನಿಮ್ಮ ಗಾಡಿಯ ದಾಖಲೆಗೆ ಕಣ್ಣೂರಿಗೆ ಓಡಬೇಕಾದೀತು.