ಮಗನ ಕೈಗೆ ಫೋನ್ ಕೊಡುವ ಮೊದಲು ಅವನ ಹೆಸರಲ್ಲಿ ಖಾತೆ ಮಾಡಿ

ನಿಮ್ಮ ಪ್ರಶ್ನೆ ಓದಿದೆ. ಮಗನಿಗೆ 9 ವರ್ಷ, 4ನೇ ಕ್ಲಾಸ್. ಶಾಲೆಯಿಂದ ಬಂದ ಕೂಡಲೇ ನಿಮ್ಮ ಫೋನ್ ಬೇಕು, ಕೊಡದಿದ್ದರೆ ಊಟಕ್ಕೆ ಕೂರಲ್ಲ. ಪ್ಯಾಟರ್ನ್ ಎಷ್ಟು ಸಲ ಬದಲಾಯಿಸಿದರೂ ಕಂಡುಹಿಡಿಯುತ್ತಾನೆ. ಯಾವ ಪೇರೆಂಟಲ್ ಕಂಟ್ರೋಲ್ ಆ್ಯಪ್ ಹಾಕಲಿ ಅಂತ ಕೇಳಿದ್ದೀರಿ. ಮನೆಯವರು ತಮ್ಮ ಹಳೇ ಫೋನನ್ನು ಅವನಿಗೇ ಕೊಟ್ಟುಬಿಡೋಣ ಅನ್ನುತ್ತಿದ್ದಾರೆ, ನಿಮಗೆ ಅದು ಸುತರಾಂ ಇಷ್ಟವಿಲ್ಲ.

ನಾನು ಹಾಸನದಲ್ಲಿ ಮೊಬೈಲ್ ಸೇಲ್ಸ್ ಮತ್ತು ಸರ್ವೀಸ್ ಅಂಗಡಿ ನಡೆಸುತ್ತೇನೆ. ಶಾಲೆಗೆ ಹೋಗುವ ಮಗಳೂ ಇದ್ದಾಳೆ. "ಮಕ್ಕಳು ಬಿಡ್ತಾ ಇಲ್ಲ, ಏನಾದ್ರೂ ಒಂದು ಲಾಕ್ ಹಾಕಿಕೊಡಿ" ಅಂತ ಆಲೂರು, ಬೇಲೂರು, ಸಕಲೇಶಪುರದ ಕಡೆಯಿಂದಲೂ ತಾಯಂದಿರು ಬರುತ್ತಾರೆ. ಅವರಿಗೆಲ್ಲ ಹೇಳುವುದನ್ನೇ ನಿಮಗೂ ಹೇಳುತ್ತೇನೆ. ನಿಮ್ಮ ಮನೆಯವರ ಮಾತಿನಲ್ಲಿ ಅರ್ಧ ಸರಿ ಇದೆ. ಹಳೇ ಫೋನ್ ಕೊಡುವುದೇ ವಾಸಿ. ಆದರೆ ಅದು "ಅವನ ಫೋನ್" ಆಗಬಾರದು, ಅದರಲ್ಲಿ ಇರುವ ಖಾತೆ ಮಾತ್ರ ಅವನದಾಗಬೇಕು.

ಯಾಕೆ ಅಂತ ಹೇಳುತ್ತೇನೆ. ಪೇರೆಂಟಲ್ ಕಂಟ್ರೋಲ್ ಅಂದರೆ ಫೋನಿಗೆ ಹಾಕುವ ಬೀಗ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ನಿಜವಾಗಿ ಅದು ಅಂಟಿಕೊಳ್ಳುವುದು ಗೂಗಲ್ ಖಾತೆಗೆ. ನಿಮ್ಮ ಫೋನಿನಲ್ಲಿರುವುದು ನಿಮ್ಮ ಖಾತೆ, ನಿಮ್ಮ ವಯಸ್ಸು. ಮಗ ಅದರಲ್ಲಿ ಯೂಟ್ಯೂಬ್ ತೆರೆದರೆ ಗೂಗಲ್‌ಗೆ ಕಾಣುವುದು ದೊಡ್ಡ ಹೆಂಗಸೊಬ್ಬರು ಕಾರ್ಟೂನ್ ನೋಡುತ್ತಿರುವ ಹಾಗೆ. ಮುಂದಿನ ವಿಡಿಯೊ ಯಾವುದು ಬರಬೇಕು, ಯಾವ ಜಾಹೀರಾತು ಬರಬೇಕು ಎಲ್ಲ ಆ ಲೆಕ್ಕದಲ್ಲೇ. ಅದೇ ಫೋನಿನಲ್ಲಿ ನಿಮ್ಮ ಬ್ಯಾಂಕ್, ಫೋನ್‌ಪೇ, ವಾಟ್ಸಾಪ್, ಫೋಟೊ ಎಲ್ಲ ಇದೆ. ಅದಕ್ಕೆ ಬಿಗಿಯಾಗಿ ಬೀಗ ಹಾಕಿದರೆ ಮೊದಲು ತೊಂದರೆ ಆಗುವುದು ನಿಮಗೇ. ಎರಡು ದಿನ ನೋಡಿ, ಬೇಸರ ಬಂದು ನೀವೇ ತೆಗೆದುಬಿಡುತ್ತೀರಿ.

ಹಳೇ ಫೋನ್ ತಗೊಳ್ಳಿ. ಫೋಟೊ, ನಂಬರ್ ಎಲ್ಲ ಬೇರೆ ಕಡೆ ಇಟ್ಟುಕೊಂಡು, ಪೂರ್ತಿ ರೀಸೆಟ್ ಮಾಡಿ. ಸಿಮ್ ಬೇಡ. ಮನೆಯಲ್ಲಿ ವೈಫೈ ಇದ್ದರೆ ಅದು, ಇಲ್ಲದಿದ್ದರೆ ನಿಮ್ಮ ಫೋನಿನ ಹಾಟ್‌ಸ್ಪಾಟ್ ಸಾಕು. ಆನ್ ಆದ ಮೇಲೆ ಅದರಲ್ಲಿ ಮಗನ ಹೆಸರಲ್ಲಿ ಹೊಸ ಗೂಗಲ್ ಖಾತೆ ಮಾಡಿ. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಹುಟ್ಟಿದ ವರ್ಷವನ್ನು ಸರಿಯಾಗಿ ಕೊಡಿ. ಎಷ್ಟೋ ಜನ, ಎಷ್ಟೋ ಅಂಗಡಿಗಳವರು ಕೂಡ, ತಲೆನೋವು ಬೇಡ ಅಂತ ಮಗುವಿನ ಖಾತೆಗೆ ಅಪ್ಪನ ಹುಟ್ಟಿದ ವರ್ಷ ಹಾಕಿಬಿಡುತ್ತಾರೆ. ಆಗ ಆ ಖಾತೆ ದೊಡ್ಡವರ ಖಾತೆ ಆಗುತ್ತದೆ. 13 ವರ್ಷದೊಳಗಿನ ಮಗು ಅಂತ ಗೊತ್ತಾದರೆ ಮಾತ್ರ ಗೂಗಲ್ ತಾನಾಗಿ "ಪೋಷಕರ ಖಾತೆ ಯಾವುದು" ಅಂತ ಕೇಳುತ್ತದೆ. ರೇಷನ್ ಕಾರ್ಡಿನಲ್ಲಿ ಮನೆ ಯಜಮಾನಿ ಹೆಸರಿನ ಕೆಳಗೆ ಮಗುವಿನ ಹೆಸರು ಸೇರಿಸಿದ ಹಾಗೆ, ಅವನ ಖಾತೆ ನಿಮ್ಮ ಖಾತೆಯ ಕೆಳಗೆ ಬಂದು ಕೂರುತ್ತದೆ.

ಇನ್ನು ನಿಮ್ಮ ಫೋನಿನಲ್ಲಿ ಫ್ಯಾಮಿಲಿ ಲಿಂಕ್ ಅನ್ನುವ ಆ್ಯಪ್ ಹಾಕಿಕೊಳ್ಳಿ. ಗೂಗಲ್‌ನದೇ, ದುಡ್ಡು ಕೊಡಬೇಕಿಲ್ಲ, 2017ರಿಂದ ಇದೆ. ದುಡ್ಡು ಕೊಟ್ಟು ಬೇರೆ ಆ್ಯಪ್ ತಗೊಳ್ಳುವ ಅಗತ್ಯ ನಿಮ್ಮ ಮಗನ ವಯಸ್ಸಿಗೆ ನನಗೆ ಕಾಣುತ್ತಿಲ್ಲ. ಇದರಲ್ಲಿ ವಾರದ ಒಂದೊಂದು ದಿನಕ್ಕೂ ಬೇರೆ ಬೇರೆ ಸಮಯ ಇಡಬಹುದು. ರಾತ್ರಿ ಇಷ್ಟು ಗಂಟೆಯಿಂದ ಬೆಳಿಗ್ಗೆ ಇಷ್ಟು ಗಂಟೆವರೆಗೆ ಫೋನ್ ನಿದ್ದೆ ಮಾಡಲಿ ಅಂತ ಹೇಳಬಹುದು. ಒಂದು ಗೇಮ್‌ಗೆ ಅರ್ಧ ಗಂಟೆ, ಇನ್ನೊಂದು ಆ್ಯಪ್ ಬೇಡವೇ ಬೇಡ, ಹೀಗೂ ಮಾಡಬಹುದು. ಅವನು ಪ್ಲೇ ಸ್ಟೋರ್‌ನಿಂದ ಹೊಸದೇನಾದರೂ ಇಳಿಸಲು ಹೋದರೆ ನಿಮ್ಮ ಫೋನಿಗೆ ಕೇಳಿಕೊಂಡು ಬರುತ್ತದೆ. ನೀವು ಹ್ಞೂಂ ಅಂದರೆ ಮಾತ್ರ ಇಳಿಯುತ್ತದೆ. ಕ್ರೋಮ್‌ನಲ್ಲಿ ಮಗುವಿನ ಖಾತೆಗೆ ಇನ್‌ಕಾಗ್ನಿಟೊ, ಅಂದರೆ ನೋಡಿದ್ದು ಹಿಸ್ಟರಿಯಲ್ಲಿ ಉಳಿಯದ ಹಾಗೆ ನೋಡುವ ದಾರಿ, ಸಿಗುವುದಿಲ್ಲ. ನೀವು ಒಪ್ಪಿದ ವೆಬ್‌ಸೈಟ್ ಮಾತ್ರ ತೆರೆಯಲಿ ಅಂತಲೂ ಇಡಬಹುದು. ಆ ಫೋನಿಗೆ ನಿಮ್ಮ ಖಾತೆಯನ್ನಾಗಲಿ, ಮನೆಯವರ ಖಾತೆಯನ್ನಾಗಲಿ ಸೇರಿಸಬೇಡಿ. ಸೇರಿಸಿದರೆ ಇಷ್ಟೆಲ್ಲ ಮಾಡಿದ್ದು ನೀರಲ್ಲಿ ಹೋಮ.

ಯೂಟ್ಯೂಬ್ ವಿಚಾರ ಬೇರೆಯಾಗಿಯೇ ಹೇಳಬೇಕು, ಯಾಕೆಂದರೆ ಮಕ್ಕಳ ಹೊತ್ತೆಲ್ಲ ಹೋಗುವುದು ಅಲ್ಲೇ. ಯೂಟ್ಯೂಬ್ ಕಿಡ್ಸ್‌ನಲ್ಲಿ 4 ವರ್ಷದವರೆಗೆ, 5ರಿಂದ 8, 9ರಿಂದ 12 ಅಂತ ಮೂರು ಗುಂಪಿದೆ. ನೀವೇ ಆರಿಸಿದ ವಿಡಿಯೊ, ಚಾನೆಲ್ ಮಾತ್ರ ಕಾಣಲಿ ಅನ್ನುವ ನಾಲ್ಕನೇ ದಾರಿಯೂ ಇದೆ. ಅದರ ಸೆಟ್ಟಿಂಗ್ ಒಳಗೆ ಹೋಗಲು ಪೋಷಕರಿಗೆ ಒಂದು ಗುಣಾಕಾರದ ಲೆಕ್ಕ ಕೇಳುತ್ತದೆ. ಏಳೆಂಟಲ ಎಷ್ಟು ಅನ್ನುವಂಥದ್ದು. 4ನೇ ಕ್ಲಾಸಿನ ಹುಡುಗನಿಗೆ ಮಗ್ಗಿ ಬಾಯಿಪಾಠ ಇರುತ್ತದೆ ಅಲ್ವಾ! ನಮ್ಮ ಅಂಗಡಿ ಕೌಂಟರ್ ಮುಂದೆಯೇ ಒಬ್ಬ ಹುಡುಗ ಅಮ್ಮ ಯೋಚಿಸುವಷ್ಟರಲ್ಲಿ ಉತ್ತರ ಒತ್ತಿ ಒಳಗೆ ಹೋಗಿದ್ದನ್ನು ಕಣ್ಣಾರೆ ನೋಡಿದ್ದೇನೆ. ಹಾಗಾಗಿ ಆ ಲೆಕ್ಕದ ಬದಲು ನಿಮ್ಮದೇ ಪಾಸ್‌ಕೋಡ್ ಇಡಿ, ಆ ಆಯ್ಕೆ ಅಲ್ಲೇ ಇದೆ. ಕಿಡ್ಸ್ ಚಿಕ್ಕಮಕ್ಕಳದು, ನನಗೆ ಬೇಡ ಅಂತ ಅವನು ಹಟ ಹಿಡಿದರೆ, ಮಾಮೂಲಿ ಯೂಟ್ಯೂಬನ್ನೇ 9 ವರ್ಷದ ಮೇಲಿನವರಿಗೆ ಅಂತ ಇರುವ ಎಕ್ಸ್‌ಪ್ಲೋರ್ ಮಟ್ಟದಲ್ಲಿ ಕೊಡಬಹುದು. ಅದೂ ಫ್ಯಾಮಿಲಿ ಲಿಂಕ್‌ನಲ್ಲೇ ಇದೆ. ಒಂದು ಮುಗಿದರೆ ತಾನಾಗಿ ಇನ್ನೊಂದು ಶುರುವಾಗುವ ಆಟೊಪ್ಲೇ ಆಫ್ ಮಾಡಿ. ಇದು ಸಣ್ಣ ಕೆಲಸ, ಆದರೆ "ಇದೊಂದೇ, ಇದೊಂದೇ" ಅನ್ನುವ ಜಗಳ ಎಷ್ಟೋ ಕಡಿಮೆ ಆಗುತ್ತದೆ.

ಇದೆಲ್ಲ ಆಗುವವರೆಗೆ ನಿಮ್ಮ ಫೋನನ್ನೇ ಕೊಡಬೇಕಾಗಿ ಬರುತ್ತದೆ, ಗೊತ್ತು. ಮೊದಲು ಪ್ಯಾಟರ್ನ್ ತೆಗೆಯಿರಿ. ಅವನು ಹೇಗೆ ಕಂಡುಹಿಡಿಯುತ್ತಾನೆ ಅಂತ ಕೇಳಿದ್ದಿರಲ್ಲ, ಫೋನನ್ನು ಟ್ಯೂಬ್‌ಲೈಟ್ ಬೆಳಕಿಗೆ ಸ್ವಲ್ಪ ಓರೆಯಾಗಿ ಹಿಡಿದು ನೋಡಿ. ಗಾಜಿನ ಮೇಲೆ ನಿಮ್ಮ ಬೆರಳಿನ ಜಿಡ್ಡು ಎಳೆದ ಗೆರೆ ಹಾಗೇ ಇರುತ್ತದೆ. ಎಲ್ಲಿಂದ ಹೊರಟು ಎಲ್ಲಿ ತಿರುಗಿದೆ ಅಂತ ಸಲೀಸಾಗಿ ಗೊತ್ತಾಗುತ್ತದೆ. ಅಡುಗೆ ಮನೆಯಿಂದ ಬಂದು ಫೋನ್ ಮುಟ್ಟುವವರದಂತೂ ಇನ್ನೂ ಚೆನ್ನಾಗಿ ಕಾಣುತ್ತದೆ. ಆರು ಅಂಕಿಯ ಪಿನ್ ಇಡಿ, ಹುಟ್ಟಿದ ದಿನ, ಗಾಡಿ ನಂಬರ್ ಬೇಡ. ನೀವು ಬಳಸುವಾಗ ಬೆರಳಚ್ಚಿನಿಂದಲೇ ತೆರೆಯಿರಿ, ಪಿನ್ ಅವನ ಕಣ್ಣಿಗೆ ಬೀಳುವ ಸಂದರ್ಭ ತುಂಬಾ ಕಡಿಮೆ ಆಗುತ್ತದೆ.

ಆಮೇಲೆ ಸೆಟ್ಟಿಂಗ್ಸ್‌ನ ಸೆಕ್ಯುರಿಟಿ ಭಾಗದಲ್ಲಿ ಆ್ಯಪ್ ಪಿನ್ನಿಂಗ್, ಅಂದರೆ ಫೋನನ್ನು ಒಂದೇ ಆ್ಯಪ್‌ಗೆ ಕಟ್ಟಿಹಾಕುವುದು, ಅಂತ ಇರುತ್ತದೆ. ಕಂಪನಿಯಿಂದ ಕಂಪನಿಗೆ ಜಾಗ ಬೇರೆ, ಸೆಟ್ಟಿಂಗ್ಸ್‌ನ ಮೇಲುಗಡೆ ಹುಡುಕುವ ಜಾಗದಲ್ಲಿ "ಪಿನ್" ಅಂತ ಟೈಪ್ ಮಾಡಿದರೆ ಸಿಗುತ್ತದೆ. ಅದನ್ನು ಆನ್ ಮಾಡಿ, ಬಿಡಿಸುವಾಗ ನಿಮ್ಮ ಪಿನ್ ನಂಬರ್ ಕೇಳಲಿ ಅನ್ನುವುದನ್ನೂ ಆನ್ ಮಾಡಿ. ಈಗ ಯೂಟ್ಯೂಬ್ ಕಿಡ್ಸ್ ತೆರೆದು ಪಿನ್ ಮಾಡಿ ಕೊಟ್ಟರೆ ಅವನು ಆ ಆ್ಯಪ್ ಬಿಟ್ಟು ಆಚೆ ಬರಲಾರ. ವಾಟ್ಸಾಪ್‌ಗೂ ಹೋಗುವುದಿಲ್ಲ, ಫೋನ್‌ಪೇಗೂ ಹೋಗುವುದಿಲ್ಲ. ಐಫೋನ್ ಆದರೆ ಇದೇ ಕೆಲಸಕ್ಕೆ ಗೈಡೆಡ್ ಆಕ್ಸೆಸ್ ಇದೆ, ಅದರಲ್ಲಿ ಇಷ್ಟು ನಿಮಿಷ ಅಂತ ಸಮಯವನ್ನೂ ಇಡಬಹುದು. ಸ್ಯಾಮ್‌ಸಂಗ್ ಇಟ್ಟುಕೊಂಡಿದ್ದರೆ ಮಕ್ಕಳಿಗೆ ಅಂತಲೇ ಇರುವ ಸ್ಯಾಮ್‌ಸಂಗ್ ಕಿಡ್ಸ್ ನೋಡಿ. ಫೋನ್ ಬಳಕೆಯ ಲೆಕ್ಕ ತೋರಿಸುವ ಡಿಜಿಟಲ್ ವೆಲ್‌ಬೀಯಿಂಗ್‌ನಲ್ಲಿ ಟೈಮರ್ ಇಟ್ಟಿದ್ದೇನೆ, ಸಾಕಲ್ವಾ ಅಂತ ಕೆಲವರು ಕೇಳುತ್ತಾರೆ. ಅದು ನಮಗೆ ನಾವೇ ಹಾಕಿಕೊಳ್ಳುವ ಮಿತಿ. ಅದನ್ನು ತೆಗೆಯಲು ಪಾಸ್‌ವರ್ಡ್ ಬೇಕಿಲ್ಲ, ಮಗ ಎರಡೇ ಒತ್ತಿಗೆ ತೆಗೆಯುತ್ತಾನೆ.

ಎಷ್ಟು ಹೊತ್ತು ಬಿಡಬೇಕು ಅನ್ನುವುದಕ್ಕೆ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, ಅಂದರೆ ನಮ್ಮ ದೇಶದ ಮಕ್ಕಳ ಡಾಕ್ಟರ್‌ಗಳ ಸಂಘ, ಒಂದು ಅಂದಾಜು ಕೊಟ್ಟಿದೆ. 2 ವರ್ಷದೊಳಗೆ ಬೇಡವೇ ಬೇಡ, ದೂರದ ಅಜ್ಜಿ ತಾತನ ಜೊತೆ ಅಪರೂಪಕ್ಕೆ ವಿಡಿಯೊ ಕಾಲ್ ಬಿಟ್ಟು. 2ರಿಂದ 5ಕ್ಕೆ ದಿನಕ್ಕೆ ಒಂದು ಗಂಟೆ ಮೀರಬಾರದು. 5ರಿಂದ 10ಕ್ಕೆ ಎರಡು ಗಂಟೆಗಿಂತ ಕಡಿಮೆ. ಇದು ಟಿವಿಯನ್ನೂ ಸೇರಿಸಿದ ಲೆಕ್ಕ ಅನ್ನುವುದನ್ನು ಜಾಸ್ತಿ ಜನ ಮರೆಯುತ್ತಾರೆ. ನಿಮ್ಮ ಮಗನಿಗೆ ಶಾಲೆ ದಿನ ಒಂದು ಗಂಟೆ, ಭಾನುವಾರ ಸ್ವಲ್ಪ ಜಾಸ್ತಿ ಇಟ್ಟು ಶುರುಮಾಡಿ. ಈಗ ಮೂರು ಗಂಟೆ ನೋಡುತ್ತಿದ್ದರೆ ಒಂದೇ ದಿನದಲ್ಲಿ ಒಂದು ಗಂಟೆಗೆ ಇಳಿಸಬೇಡಿ, ವಾರ ವಾರಕ್ಕೆ ಇಳಿಸಿ.

ಮುಖ್ಯವಾದದ್ದು, ಅವನಿಗೆ ಮೊದಲೇ ಹೇಳಿ. ಅವನು ಮಲಗಿದ ಮೇಲೆ ಕದ್ದು ಸೆಟ್ಟಿಂಗ್ ಮಾಡಿ, ಮಾರನೇ ದಿನ ಆಟದ ಮಧ್ಯೆ ಫೋನ್ ಲಾಕ್ ಆದರೆ ಅವನಿಗೆ ಮೋಸ ಅನ್ನಿಸುತ್ತದೆ. ಆ ಸಿಟ್ಟು ನ್ಯಾಯವೇ. ಪಕ್ಕದಲ್ಲಿ ಕೂರಿಸಿಕೊಂಡು, ಫ್ಯಾಮಿಲಿ ಲಿಂಕ್ ತೆರೆದು ತೋರಿಸಿ. "ಐದರಿಂದ ಆರು ಬೇಕಾ, ಆರರಿಂದ ಏಳು ಬೇಕಾ, ನೀನೇ ಹೇಳು" ಅನ್ನಿ. ಒಂದು ಗಂಟೆ ಅನ್ನುವುದು ನಿಮ್ಮ ತೀರ್ಮಾನ, ಯಾವ ಗಂಟೆ ಅನ್ನುವುದು ಅವನದು. ನನ್ನ ಮಗಳು ಸಂಜೆ ಆಟ ಬಿಟ್ಟು ಬರಲು ಇಷ್ಟವಿಲ್ಲ ಅಂತ ಕತ್ತಲಾದ ಮೇಲಿನ ಹೊತ್ತನ್ನೇ ಆರಿಸಿಕೊಂಡಳು. ಅದಕ್ಕೇ ಇರಬೇಕು, ಮುಗಿದಾಗ ಕಿರಿಕಿರಿ ಮಾಡುವುದು ಕಡಿಮೆ.

ಊಟದ ವಿಷಯಕ್ಕೆ ಯಾವ ಆ್ಯಪೂ ಸಹಾಯ ಮಾಡುವುದಿಲ್ಲ. ಮೊದಲು ರಾತ್ರಿ ಊಟ ಒಂದನ್ನು ಹಿಡಿದುಕೊಳ್ಳಿ. ಎಲ್ಲರೂ ಒಟ್ಟಿಗೆ ಕೂತು, ಮನೆಯವರ ಫೋನೂ ಸೇರಿದಂತೆ ಎಲ್ಲ ಫೋನ್ ಆಚೆ ಕೋಣೆಯಲ್ಲಿರಲಿ. ಅಪ್ಪ ಒಂದು ಕೈಯಲ್ಲಿ ಮುದ್ದೆ ಮುರಿಯುತ್ತಾ ಇನ್ನೊಂದು ಕೈಯಲ್ಲಿ ರೀಲ್ಸ್ ತಳ್ಳುತ್ತಿದ್ದರೆ ಮಗನಿಗೆ ಯಾವ ಬಾಯಲ್ಲಿ ಬೇಡ ಅನ್ನುವುದು? ಹಾಗೆಯೇ ಶಾಲೆಯ ವಾಟ್ಸಾಪ್ ಗ್ರೂಪಿಗೆ ಬರುವ ಹೋಮ್‌ವರ್ಕ್ ನೋಡಲು ಅವನ ಕೈಗೆ ಫೋನ್ ಕೊಡಬೇಡಿ. ನೀವು ಓದಿ ಹೇಳಿ, ಅವನು ಡೈರಿಯಲ್ಲಿ ಬರೆದುಕೊಳ್ಳಲಿ. ಹೋಮ್‌ವರ್ಕ್ ನೆಪದಲ್ಲಿ ಕೈಗೆ ಹೋದ ಫೋನ್ ಅರ್ಧ ಗಂಟೆಗೆ ಮುಂಚೆ ವಾಪಸ್ ಬರುವುದಿಲ್ಲ.

ನಮ್ಮ ಕಡೆಯ ಕಷ್ಟವೂ ಒಂದಿದೆ. ಆಷಾಢ, ಶ್ರಾವಣದಲ್ಲಿ ಸಕಲೇಶಪುರ, ಮೂಡಿಗೆರೆ ಕಡೆ ಮಳೆ ಹಿಡಿದರೆ ಬಿಡುವುದಿಲ್ಲ. ಬೆಳಿಗ್ಗೆ ಬೆಳಿಗ್ಗೆಯೇ ಡಿಸಿ ರಜೆ ಘೋಷಣೆ ಮಾಡುತ್ತಾರೆ, ಮಕ್ಕಳು ಇಡೀ ದಿನ ಒಳಗೆ. ಅಂಥ ದಿನ ಒಂದು ಗಂಟೆ ಅಂತ ಪಟ್ಟು ಹಿಡಿಯಬೇಡಿ. ನಿಮ್ಮ ಫೋನಿನಿಂದಲೇ ಆ ದಿನಕ್ಕೆ ಮಾತ್ರ ಅರ್ಧ ಗಂಟೆ ಬೋನಸ್ ಕೊಡಿ, ಅದೊಂದು ಗುಂಡಿ ಒತ್ತುವ ಕೆಲಸ. ಮಾಮೂಲಿ ಮಿತಿ ಹಾಗೇ ಉಳಿಯುತ್ತದೆ. ಕರೆಂಟ್ ಹೋಗಿ ಟವರ್ ಕೈಕೊಟ್ಟಾಗ ಏನು ಮಾಡುವುದು ಅಂತಲೂ ಕೇಳುತ್ತಾರೆ. ಮೊದಲೇ ಇಟ್ಟ ಮಿತಿ ನೆಟ್ ಇಲ್ಲದಿದ್ದರೂ ಕೆಲಸ ಮಾಡುತ್ತದೆ. ಹೊಸದಾಗಿ ಬದಲಾಯಿಸಿದ್ದು ಮಾತ್ರ ನೆಟ್ ಬಂದ ಮೇಲೆ ತಲುಪುತ್ತದೆ. ನೆಟ್ ಇಲ್ಲದಾಗ ಲಾಕ್ ಆದ ಫೋನ್ ತೆರೆಯಲೇಬೇಕಾದರೆ ನಿಮ್ಮ ಫ್ಯಾಮಿಲಿ ಲಿಂಕ್‌ನಲ್ಲಿ ಪೇರೆಂಟ್ ಆಕ್ಸೆಸ್ ಕೋಡ್ ಇರುತ್ತದೆ, ಅದನ್ನು ಅವನ ಫೋನಿನಲ್ಲಿ ಒತ್ತಿದರೆ ತೆರೆಯುತ್ತದೆ. ಕೋಡ್ ಅವನಿಗೆ ಹೇಳಬೇಡಿ, ನೀವೇ ಒತ್ತಿ.

ಇನ್ನೊಂದು ತೂತು ಅಜ್ಜಿ ಮನೆ. ನೀವು ಇಷ್ಟೆಲ್ಲ ಮಾಡಿ, ದಸರಾ ರಜೆಗೆ ತೋಟದ ಮನೆಗೆ ಕಳಿಸಿದರೆ ತಾತನ ಫೋನ್ ಅವನಿಗಾಗಿ ಕಾಯುತ್ತಿರುತ್ತದೆ. ಲಾಕ್ ಇಲ್ಲ, ದಿನಕ್ಕೆ ಒಂದೂವರೆ ಜಿಬಿ ಡೇಟಾ ಇದೆ, ತಾತನಿಗೆ ಅದರಿಂದ ಬೇಕಾಗಿರುವುದು ಕಾಲ್ ಮಾತ್ರ. ಹಿರಿಯರ ಜೊತೆ ಜಗಳ ಬೇಡ. ಅವರ ಫೋನಿಗೂ ಒಂದು ಪಿನ್ ಹಾಕಿಕೊಟ್ಟು, ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ನಲ್ಲಿ ಪೇರೆಂಟಲ್ ಕಂಟ್ರೋಲ್ ಆನ್ ಮಾಡಿ, ಏನೇ ಖರೀದಿ ಮಾಡಿದರೂ ಪಾಸ್‌ವರ್ಡ್ ಕೇಳುವ ಹಾಗೆ ಇಟ್ಟು ಬನ್ನಿ. "ಏಳು ಗಂಟೆ ಮೇಲೆ ಕೊಡಿ ಮಾವ" ಅಂತ ಒಂದು ಸಮಯ ಹೇಳಿದರೆ ಹೆಚ್ಚಿನವರು ಪಾಲಿಸುತ್ತಾರೆ. ಬರೀ "ಕೊಡಬೇಡಿ" ಅಂದರೆ ಮೊಮ್ಮಗನ ಮುಖ ನೋಡಿ ಅವರಿಂದ ಆಗುವುದಿಲ್ಲ.

ಕೆಲವರು ಮಗ ಏನು ನೋಡುತ್ತಾನೆ, ಯಾರಿಗೆ ಏನು ಕಳಿಸುತ್ತಾನೆ ಎಲ್ಲ ಕದ್ದು ನೋಡುವ ಆ್ಯಪ್ ಹಾಕಿಕೊಡಿ ಅನ್ನುತ್ತಾರೆ. ನಾನು ಹಾಕಿಕೊಡುವುದಿಲ್ಲ. ಅಂಥವು ಎಸ್ಸೆಮ್ಮೆಸ್, ಸ್ಕ್ರೀನ್, ಮೈಕ್ ಎಲ್ಲದಕ್ಕೂ ಅನುಮತಿ ಕೇಳುತ್ತವೆ. ಎಸ್ಸೆಮ್ಮೆಸ್ ಓದುವ ಆ್ಯಪ್‌ಗೆ ಓಟಿಪಿಯೂ ಸಿಗುತ್ತದೆ, ಮಗುವಿನ ಫೋಟೊ ಯಾರ ಸರ್ವರ್‌ಗೆ ಹೋಗುತ್ತದೋ ದೇವರಿಗೇ ಗೊತ್ತು. ಫ್ಯಾಮಿಲಿ ಲಿಂಕ್ ಮೆಸೇಜ್ ಓದಿ ತೋರಿಸುವುದಿಲ್ಲ. ಯಾವ ಆ್ಯಪ್‌ನಲ್ಲಿ ಎಷ್ಟು ಹೊತ್ತು ಇದ್ದ ಅಂತ ಹೇಳುತ್ತದೆ. 9 ವರ್ಷದವನಿಗೆ ಅಷ್ಟು ಸಾಕು. ಉಳಿದದ್ದು ಪಕ್ಕದಲ್ಲಿ ಕೂತು ಕೇಳಿ, ಖುಷಿಯಿಂದ ಹೇಳುವ ವಯಸ್ಸು ಅದು.

ಫೋನ್ ತೆಗೆದರೆ ಹೊಡೆಯುವುದು, ವಸ್ತು ಎಸೆಯುವುದು, ರಾತ್ರಿ ನಿದ್ದೆ ಬಿಡುವುದು, ಶಾಲೆಗೆ ಹೋಗಲ್ಲ ಅನ್ನುವುದು ವಾರಗಟ್ಟಲೆ ನಡೆದರೆ ಸೆಟ್ಟಿಂಗ್ಸ್ ಹುಡುಕುತ್ತಾ ಕೂರಬೇಡಿ. ಹಾಸನದಲ್ಲಾದರೆ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಹಿಮ್ಸ್‌ನ ಮನೋರೋಗ ವಿಭಾಗಕ್ಕೆ ಕರೆದುಕೊಂಡು ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಅಂತ 2014ರಿಂದ ಶಟ್ ಕ್ಲಿನಿಕ್ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ನೀವು ಬರೆದಿದ್ದು ನೋಡಿದರೆ ನಿಮ್ಮ ಮಗ ಆ ಮಟ್ಟಕ್ಕೆ ಹೋಗಿಲ್ಲ ಅನ್ನಿಸುತ್ತದೆ.

ಹಳೇ ಫೋನ್ ಯಾವ ಕಂಪನಿಯದು, ಆಂಡ್ರಾಯ್ಡ್ ಎಷ್ಟನೇದು ಅಂತ ಸೆಟ್ಟಿಂಗ್ಸ್‌ನ ಅಬೌಟ್ ಫೋನ್‌ನಲ್ಲಿ ನೋಡಿ ಇಲ್ಲಿ ಬರೆಯಿರಿ. ಅದರಲ್ಲಿ ಫ್ಯಾಮಿಲಿ ಲಿಂಕ್ ನಡೆಯುತ್ತದೋ ಇಲ್ಲವೋ ನೋಡಿ ಹೇಳುತ್ತೇನೆ.