ಪ್ರಾರ್ಥನೆ ಆಯಿತು, ಮಾತ್ರೆ ಬಿಡಬಹುದೇ?

ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಾದ ತಪಸ್ಸುಕಾಲ ಹತ್ತಿರ ಬಂದರೆ ಈ ಅಂಕಣಕ್ಕೆ ಬರುವ ಪತ್ರಗಳ ವರಸೆಯೇ ಬದಲಾಗುತ್ತದೆ. ಉಪವಾಸ, ಹರಕೆ, ಎಣ್ಣೆ, ಮಾತ್ರೆ. ಈ ಸಲ ಒಂದು ಪ್ರಶ್ನೆಗೆ ವಿವರವಾಗಿ ಉತ್ತರಿಸುತ್ತೇನೆ, ಮತ್ತೆ ಮತ್ತೆ ಅದನ್ನೇ ಬರೆಯಬೇಡಿ.

ಮಗಳಿಗೆ 19 ವರ್ಷ. ಫಿಟ್ಸ್‌ಗೆ ಫೆನಿಟಾಯಿನ್ ಮಾತ್ರೆ ನಡೆಯುತ್ತಿತ್ತು. ಸ್ವಸ್ಥತಾ ಕೂಟದಲ್ಲಿ ಪಾಸ್ಟರ್ ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸಿ, ‘ವಿಶ್ವಾಸ ಇದ್ದರೆ ಮಾತ್ರೆ ಬಿಡಿ’ ಎಂದರು. ಬಿಟ್ಟು ಹದಿನೈದು ದಿನ, ಒಮ್ಮೆಯೂ ಬಂದಿಲ್ಲ. ಮುಂದಿನ ವಾರ ಮೂರು ದಿನ ಉಪವಾಸ ಪ್ರಾರ್ಥನೆ, ಕೊನೆಯ ದಿನ ರಾತ್ರಿಯಿಡೀ ಜಾಗರಣೆ. ಅಲ್ಲಿ ಗುಣವಾಯಿತೆಂದು ಅವಳಿಂದ ಸಾಕ್ಷಿ ಹೇಳಿಸೋಣವೇ?

ಬೇಡ. ಮೊದಲು ಮಾತ್ರೆ ಬರೆದುಕೊಟ್ಟ ವೈದ್ಯರಿಗೆ ಫೋನ್ ಮಾಡಿ, ಇವತ್ತೇ. ಎಷ್ಟರಿಂದ ಮತ್ತೆ ಶುರು ಮಾಡಬೇಕೆಂದು ಅವರು ಹೇಳಲಿ. ಬಿಟ್ಟದ್ದನ್ನೆಲ್ಲ ಸರಿದೂಗಿಸಲು ಒಂದೇ ಸಲ ಎರಡು ಮೂರು ನುಂಗಿಸಿದರೆ ಹುಡುಗಿ ತೂರಾಡುತ್ತಾಳೆ, ಒಂದು ಎರಡಾಗಿ ಕಾಣುತ್ತದೆ.

ಹದಿನೈದು ದಿನದ ಲೆಕ್ಕದಿಂದ ಏನೂ ಸಿದ್ಧವಾಗುವುದಿಲ್ಲ. ಫೆನಿಟಾಯಿನ್ ರಕ್ತದಿಂದ ಪೂರ್ತಿ ಹೋಗಲು ಕೆಲವು ದಿನ ಬೇಕು, ಅಷ್ಟು ದಿನ ಅವಳನ್ನು ಕಾಯ್ದದ್ದು ನೀವು ಬಿಟ್ಟ ಮಾತ್ರೆಯೇ. ಮಾತ್ರೆ ನಿಲ್ಲಿಸಿದ ಮೇಲೆ ರೋಗ ಮರುಕಳಿಸುವವರಲ್ಲಿ ಬಹುಪಾಲು ಜನರಿಗೆ ಅದು ಒಂದು ವರ್ಷದೊಳಗೆ ಮರುಕಳಿಸುತ್ತದೆ. ಥಟ್ಟನೆ ಬಿಟ್ಟವರಿಗೆ ಎಚ್ಚರವೇ ಆಗದಂತೆ ಒಂದರ ಹಿಂದೊಂದು ಫಿಟ್ಸ್ ಬರಬಹುದು, ಅದರಲ್ಲಿ ಪ್ರಾಣ ಹೋಗುವುದುಂಟು. ಫಿಟ್ಸ್‌ನ ಇನ್ನೊಂದು ಮಾತ್ರೆ ಫಿನೋಬಾರ್ಬಿಟಾಲ್ ತೆಗೆದುಕೊಳ್ಳುವವರು ಇನ್ನೂ ಹುಷಾರಾಗಿರಬೇಕು.

ಮಾತ್ರೆ ಬಿಡಿಸುವ ಕ್ರಮವೇ ಇಲ್ಲವೆಂದಲ್ಲ. ಸಾಮಾನ್ಯವಾಗಿ ಕನಿಷ್ಠ ಎರಡು ವರ್ಷ ಒಂದೂ ಫಿಟ್ಸ್ ಇಲ್ಲದಿದ್ದರೆ, ರೋಗದ ಕಾರಣ, ಸ್ಕ್ಯಾನ್, ಇಇಜಿ (ಮೆದುಳಿನ ವಿದ್ಯುತ್ ಅಲೆಗಳ ಪರೀಕ್ಷೆ) ನೋಡಿ, ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸುತ್ತೇವೆ. ಎರಡು ಔಷಧಿ ಇದ್ದರೆ ಒಂದಾದ ಮೇಲೆ ಒಂದು. ಆ ಅವಧಿಯಲ್ಲಿ ಸ್ಕೂಟರ್, ಕೆರೆ-ಬಾವಿ, ಒಬ್ಬಳೇ ಒಲೆ ಮುಂದೆ ನಿಲ್ಲುವುದು, ಮೂರೂ ಇಲ್ಲ.

ಇನ್ನು ಜಾಗರಣೆ. ಫಿಟ್ಸ್ ಇರುವವರಿಗೆ ನಿದ್ದೆಗೇಡಿಗಿಂತ ದೊಡ್ಡ ಶತ್ರು ಕಡಿಮೆ. ಮೂರು ದಿನ ಖಾಲಿ ಹೊಟ್ಟೆ, ಒಂದು ರಾತ್ರಿ ಕಣ್ಣು ಮುಚ್ಚದೆ, ಮಾತ್ರೆಯೂ ಇಲ್ಲ ಅಂದರೆ ಬೆಳಗಿನ ಜಾವಕ್ಕೆ ಫಿಟ್ಸನ್ನು ಕರೆದು ಕೂರಿಸಿದಂತೆ. ಕೂಟಕ್ಕೆ ಹೋಗಲಿ, ಯಾರು ಬೇಡವೆಂದರು? ಊಟ ಮಾಡಿ, ಮಾತ್ರೆ ಹೊತ್ತಿಗೆ ಸರಿಯಾಗಿ ನುಂಗಿ, ಹತ್ತು ಗಂಟೆಗೆ ಮನೆಗೆ ಬಂದು ಮಲಗಲಿ. ‘ಈ ಜಾತಿಯದು ಪ್ರಾರ್ಥನೆ ಉಪವಾಸದಿಂದಲೇ ಹೋಗುವುದು’ ಎಂಬ ವಚನ ತೋರಿಸುವವರು ಮಾರ್ಕನ 9ನೇ ಅಧ್ಯಾಯವನ್ನು ಪೂರ್ತಿ ಓದಲಿ. ಯೇಸು ಆ ಮಾತು ಹೇಳಿದ್ದು ಒದ್ದಾಡುತ್ತಿದ್ದ ಹುಡುಗನಿಂದ ದೆವ್ವ ಬಿಡಿಸಲಾಗದ ಶಿಷ್ಯರಿಗೆ, ಆ ಹುಡುಗನಿಗಲ್ಲ. ಉಪವಾಸ ಮಾಡಲೇಬೇಕೆಂದರೆ ಪಾಸ್ಟರೇ ಮಾಡಲಿ.

ಫಿಟ್ಸ್ ದೆವ್ವದ ಕಾಟವೆಂಬ ಮಾತೂ ಪತ್ರದ ಕೊನೆಯಲ್ಲಿತ್ತು. ಮತ್ತಾಯ 4:24ರಲ್ಲಿ ದೆವ್ವ ಹಿಡಿದವರನ್ನೂ ಮೂರ್ಛೆರೋಗಿಗಳನ್ನೂ ಬೇರೆ ಬೇರೆಯಾಗಿಯೇ ಹೇಳಿದೆ. ಕಥೋಲಿಕ ಧರ್ಮೋಪದೇಶ (ಸಂಖ್ಯೆ 1673) ಭೂತೋಚ್ಚಾಟನೆಗೆ ಮುನ್ನ ಇದು ಕಾಯಿಲೆಯಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು ಎನ್ನುತ್ತದೆ, ಬಿಷಪರ ಅನುಮತಿಯಿಲ್ಲದೆ ಯಾವ ಗುರುವೂ ಅದನ್ನು ಮಾಡುವಂತಿಲ್ಲ. ಔಷಧಿಯೆಂದರೆ ಅವಿಶ್ವಾಸ ಎನ್ನುವವರಿಗೆ ಬೈಬಲಿನ ಹಿಜ್ಕೀಯ ಅರಸನ ಪ್ರಸಂಗ ಸಾಕು. ದೇವರು ವಾಸಿಮಾಡುವೆನೆಂದು ಮಾತು ಕೊಟ್ಟ ಮೇಲೂ ಪ್ರವಾದಿ ಯೆಶಾಯನು ಅರಸನ ಹುಣ್ಣಿಗೆ ಅಂಜೂರದ ಪಟ್ಟು ಹಾಕಿಸಿದ (2 ಅರಸು 20:7).

ಕೂಟದಲ್ಲೇ ಫಿಟ್ಸ್ ಬಂದರೆ ನಡೆಯುವುದು ಇಷ್ಟು: ನಾಲ್ಕು ಜನ ಕೈಕಾಲು ಒತ್ತಿ ಹಿಡಿಯುತ್ತಾರೆ, ಒಬ್ಬರು ಬೀಗದ ಕೈ ಹಿಡಿಸುತ್ತಾರೆ, ಇನ್ನೊಬ್ಬರು ಪ್ರಾರ್ಥಿಸಿದ ಎಣ್ಣೆ ಬಾಯಿಗೆ ಬಿಡುತ್ತಾರೆ. ಎರಡು ನಿಮಿಷಕ್ಕೆ ಫಿಟ್ಸ್ ತಾನಾಗಿ ನಿಂತು ಹುಡುಗಿ ಮಂಪರಿಗೆ ಜಾರಿದಾಗ ‘ಬಿಟ್ಟುಹೋಯಿತು’ ಎಂದು ಚಪ್ಪಾಳೆ. ಆ ಮಂಪರು ಪ್ರತಿ ದೊಡ್ಡ ಫಿಟ್ಸ್‌ನ ಬಾಲ, ಅಷ್ಟೆ. ಎಣ್ಣೆ ಮಾತ್ರ ಶ್ವಾಸಕೋಶಕ್ಕಿಳಿದಿರುತ್ತದೆ. ಯಾಕೋಬ 5:14 ಹಚ್ಚಿ ಎನ್ನುತ್ತದೆ, ಕುಡಿಸಿ ಎನ್ನುವುದಿಲ್ಲ. ಮಾಡಬೇಕಾದ್ದು: ಗಡಿಯಾರ ನೋಡಿ, ಸುತ್ತಲಿನ ಕುರ್ಚಿ ಸರಿಸಿ, ತಲೆ ಕೆಳಗೆ ಮಡಿಸಿದ ಸೆರಗು ಇಡಿ, ಕತ್ತಿನ ಗುಂಡಿ ಬಿಚ್ಚಿ, ಎಡಮಗ್ಗುಲಿಗೆ ಹೊರಳಿಸಿ. ಬಾಯಿಗೆ ಚಮಚವೂ ಬೇಡ, ನೀರೂ ಬೇಡ. ಐದು ನಿಮಿಷ ದಾಟಿದರೆ, ಅಥವಾ ಎಚ್ಚರವಾಗುವ ಮುನ್ನ ಇನ್ನೊಂದು ಬಂದರೆ 108.

ಬಲಿಪೂಜೆಗೆ ಮುನ್ನ ಮಾತ್ರೆ ನುಂಗಿದರೆ ಪರಮಪ್ರಸಾದ ಸ್ವೀಕರಿಸಬಹುದೇ?

ಧಾರಾಳವಾಗಿ. ಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸಕ್ಕೆ ನೀರು, ಔಷಧಿ ಲೆಕ್ಕಕ್ಕಿಲ್ಲ. ಕಾಯಿಲೆಯವರಿಗೆ ಆ ಗಂಟೆಯೂ ಕಡ್ಡಾಯವಲ್ಲ.

ಇನ್ಸುಲಿನ್ ಮೇಲಿದ್ದೇನೆ. ಶುಭ ಶುಕ್ರವಾರ ಇಡೀ ದಿನ ಉಪವಾಸ ಇರಬಹುದೇ?

ಕಾಯಿಲೆಯವರನ್ನು ಉಪವಾಸಕ್ಕೆ ಯಾವ ಸಭೆಯೂ ಕಟ್ಟಿಹಾಕಿಲ್ಲ. ಕಥೋಲಿಕರಲ್ಲಿ ಆರೋಗ್ಯವಂತರಿಗೂ ಅದು 18ರಿಂದ 59 ವಯಸ್ಸಿನವರೆಗೆ, ಅದರಲ್ಲೂ ಒಂದು ಪೂರ್ಣ ಊಟ ಉಂಟು. ಟೈಪ್ 1 (ದೇಹ ಇನ್ಸುಲಿನ್ ತಯಾರಿಸದ ಸಕ್ಕರೆ ಕಾಯಿಲೆ) ಆದರೆ ದೀರ್ಘಾವಧಿ ಇನ್ಸುಲಿನ್ ಒಂದು ದಿನವೂ ತಪ್ಪಿಸಬೇಡಿ. ರಕ್ತದ ಸಕ್ಕರೆ 70ಕ್ಕಿಂತ ಇಳಿದರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿದು ಹದಿನೈದು ನಿಮಿಷಕ್ಕೆ ಮತ್ತೆ ನೋಡಿ. ಮೂರು ಗಂಟೆಯ ಆರಾಧನೆ ಮುಗಿಯಲಿ ಎಂದು ಕಾಯಬೇಡಿ.

ಮಗ ಗಾಲಿಕುರ್ಚಿಯಲ್ಲಿದ್ದಾನೆ. ಇದು ನಮ್ಮ ಪಾಪದ ಫಲವೇ?

ಅಲ್ಲ. ಹುಟ್ಟುಕುರುಡನ ಬಗ್ಗೆ ಇದೇ ಪ್ರಶ್ನೆ ಬಂದಾಗ, ಇವನೂ ಪಾಪ ಮಾಡಲಿಲ್ಲ, ಇವನ ಹೆತ್ತವರೂ ಮಾಡಲಿಲ್ಲ ಎಂದರು ಯೇಸು (ಯೋಹಾನ 9:3). ಪಾಪ ಹುಡುಕುವುದು ಬಿಟ್ಟು, ಚರ್ಚಿನ ಮೆಟ್ಟಿಲಿಗೆ ಇಳಿಜಾರು ಕಟ್ಟಿಸಲು ಪಂಚಾಯ್ತಿ ಸಭೆಯಲ್ಲಿ ಕೇಳಿ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಇರಲಿ. ಅದಕ್ಕಿಂತ ಕಡಿದಾದರೆ ಕುರ್ಚಿ ಹಿಂದಕ್ಕೆ ವಾಲುತ್ತದೆ.

ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆ. ಪರಮಪ್ರಸಾದದ ರೊಟ್ಟಿ ಸ್ವೀಕರಿಸುವುದು ಹೇಗೆ?

ಗ್ಲುಟನ್ (ಗೋಧಿಯಲ್ಲಿನ ಅಂಟು ಪ್ರೋಟೀನ್) ತೀರಾ ಕಡಿಮೆ ಇರುವ ರೊಟ್ಟಿಗೆ ಕಥೋಲಿಕ ಸಭೆಯ ಒಪ್ಪಿಗೆ ಇದೆ. ಅದೂ ಬೇಡವೆಂದರೆ ದ್ರಾಕ್ಷಾರಸವೊಂದೇ ಸಾಕು, ಆದರೆ ರೊಟ್ಟಿ ಚೂರು ಹಾಕದ ಪ್ರತ್ಯೇಕ ಪಾತ್ರೆಯಲ್ಲಿ. ಮೊದಲೇ ಫಾದರ್‌ಗೆ ತಿಳಿಸಿ.

ಸಕ್ಕರೆ ಕಾಯಿಲೆಯಿಂದ ಪಾದ ಜೋಮು. ವೇಲಾಂಕಣಿಗೆ ಬರಿಗಾಲಲ್ಲಿ ನಡೆಯುವ ಹರಕೆ ಇದೆ.

ಬರಿಗಾಲು ಬೇಡವೇ ಬೇಡ. ಹರಕೆಯನ್ನು ಬದಲಾಯಿಸಿಕೊಡಲು ನಿಮ್ಮ ಧರ್ಮಕೇಂದ್ರದ ಗುರುಗಳಿಗೆ ಅಧಿಕಾರವಿದೆ, ಹೋಗಿ ಕೇಳಿ. ಬಸ್ಸಲ್ಲಿ ಹೋದರೂ ಬೂಟೊಳಗೆ ಕೈಯಾಡಿಸಿ ಕಲ್ಲು, ಮೊಳೆ ನೋಡಿ ಹಾಕಿಕೊಳ್ಳಿ, ರಾತ್ರಿ ಕನ್ನಡಿ ಹಿಡಿದು ಅಂಗಾಲು ನೋಡಿ. ಗುಳ್ಳೆ ಕಂಡರೆ ಒಡೆಯಬೇಡಿ, ಪ್ರಾರ್ಥನೆಯ ಎಣ್ಣೆ ಸವರಿ ಬಟ್ಟೆ ಕಟ್ಟಬೇಡಿ, ಮರುದಿನವೇ ವೈದ್ಯರಿಗೆ ತೋರಿಸಿ.